ಕೆಡಹುವ ಮುನ್ನ ನಾಡಿ ಹಿಡಿದು ನೋಡಿ

"ಮೈಸೂರಿಗೆ ಹೋಗಿ ಬರ್ತೀವಿ" ಎಂದು ನಮ್ಮ ಹೆಡತಲೆ ಕಡೆಯವರು ಹೇಳಿದರೆ ಅದು ಇಡೀ ಮೈಸೂರಲ್ಲ. ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರದವರೆಗಿನ ಒಂದು ಸುತ್ತು, ಅಷ್ಟೆ. ಮದುವೆಗೆ ಜವಳಿ ಆಗಬೇಕು, ಹಬ್ಬಕ್ಕೆ ಹೂವು, ವೀಳ್ಯದೆಲೆ, ಅರಿಶಿನ-ಕುಂಕುಮ ಆಗಬೇಕು. ಕೆ.ಆರ್. ವೃತ್ತದಲ್ಲಿ ನಿಂತು ನಾಲ್ಕೂ ಕಡೆ ಕತ್ತು ತಿರುಗಿಸಿದರೆ ಎಲ್ಲವೂ ಅಲ್ಲೇ ಸಿಗುತ್ತದೆ. ಉಳಿದ ಬಡಾವಣೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು.

ಈ ಜಾಗ ರಾಜರ ಕಾಲದಿಂದಲೂ ಹೀಗೇ ಇದೆ ಎಂದು ಅನೇಕ ಮಕ್ಕಳು ತಿಳಿದಿದ್ದಾರೆ. ಹಾಗಲ್ಲ. ಮೈಸೂರಿನ ಈ ನಡುಭಾಗವನ್ನು ಕಳೆದ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಎರಡು ಸಲ ಹೊಸದಾಗಿ ರೂಪಿಸಲಾಗಿದೆ. ಮೊದಲ ಸಲ ಒಂದು ಯುದ್ಧ ಮುಗಿದ ಮೇಲೆ, ಎರಡನೆಯ ಸಲ ಒಂದು ಮಹಾಮಾರಿ ಬಂದು ಹೋದ ಮೇಲೆ. ಮೂರನೆಯ ಸಲ ಏನಾಗಬೇಕು ಎಂಬ ಜಗಳ ನಮ್ಮ ಕಾಲದಲ್ಲಿ ನಡೆದಿದೆ.

"ಇದು ಚರಿತ್ರೆಯ ಪಾಠವಾಯಿತು, ವಿಜ್ಞಾನದ ಮೇಷ್ಟರಿಗೆ ಇಲ್ಲೇನು ಕೆಲಸ?" ಎಂದು ಪೋಷಕರು ಕೇಳಬಹುದು. ಪಟ್ಟಣವೂ ಒಂದು ದೇಹದಂತೆ. ಅದಕ್ಕೆ ನೀರು ಒಳಗೆ ಬರಬೇಕು, ಕೊಳೆ ಹೊರಗೆ ಹೋಗಬೇಕು, ಗಾಳಿ ಆಡಬೇಕು. ಇವುಗಳಲ್ಲಿ ಯಾವುದು ಕಟ್ಟಿಕೊಂಡರೂ ಕಾಯಿಲೆ ಬರುತ್ತದೆ. ಕಾಯಿಲೆ ಯಾವುದು, ಅದರ ಮೂಲ ಎಲ್ಲಿ ಎಂದು ಹುಡುಕುವುದು ವಿಜ್ಞಾನದ ಕೆಲಸವೇ.

ಹೋಗಿ ಬಂದ ಕಲ್ಲುಗಳು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ನಾಲ್ಕನೆಯ ಮೈಸೂರು ಯುದ್ಧ ಮುಗಿಯಿತು. ಅದೇ ವರ್ಷದ ಜೂನ್ 30ರಂದು, ಇನ್ನೂ ಐದು ವರ್ಷ ತುಂಬದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಪಟ್ಟ ಕಟ್ಟಲು ಅಲ್ಲಿ ಅರಮನೆಯೇ ಇರಲಿಲ್ಲ, ಚಪ್ಪರ ಹಾಕಬೇಕಾಯಿತು. ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಬಿಚ್ಚಿ, ಸ್ವಲ್ಪ ದೂರದ ನಜರ್‌ಬಾದಿನಲ್ಲಿ ಹೊಸ ಕೋಟೆ ಕಟ್ಟಲು ಕಲ್ಲುಗಳನ್ನು ಸಾಗಿಸಲಾಗಿತ್ತು. ಯುದ್ಧವಾದ ಮೇಲೆ ಅದೇ ಕಲ್ಲುಗಳು ಹಳೆಯ ಜಾಗಕ್ಕೆ ಮರಳಿ ಬಂದವು. ಹೊಸ ರಾಜಧಾನಿಯ ಕೋಟೆ ಎದ್ದು ನಿಂತದ್ದು ಹೋಗಿ ಬಂದ ಕಲ್ಲುಗಳಿಂದ.

ಇಲ್ಲಿ ಒಂದು ಸಂಗತಿ ಗಮನಿಸಿ. ಆ ಕಾಲದಲ್ಲಿ ಕೆಡಹುವುದು ಎಂದರೆ ಪುಡಿ ಮಾಡುವುದಲ್ಲ, ಬಿಚ್ಚುವುದು. ಕಲ್ಲು, ತೊಲೆ, ಇಟ್ಟಿಗೆ ಎಲ್ಲವೂ ಇನ್ನೊಂದು ಕಟ್ಟಡಕ್ಕೆ ಒದಗುತ್ತಿದ್ದವು. ಇಂದು ಸಿಮೆಂಟು ಕಟ್ಟಡ ಕೆಡವಿದರೆ ಸಿಗುವುದು ಹೆಚ್ಚಾಗಿ ಗುಜರಿ ಕಬ್ಬಿಣ ಮತ್ತು ಊರಾಚೆ ಸುರಿಯುವ ರಾಶಿ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ಒಂದು ನಾಲೆ ತೋಡಿಸಿದರು. ಅಂದುಕೊಂಡ ಕೆಲಸ ಕೈಗೂಡಲಿಲ್ಲ. ಹರಿಯುವ ನೀರಿಲ್ಲದ ನಾಲೆಯ ಗತಿ ನಿಮಗೆ ಗೊತ್ತೇ ಇದೆ. ಊರಿನ ಕೊಳಚೆ ಅದಕ್ಕೆ ಸೇರಿತು. ನೀರು ತರಬೇಕಾದದ್ದು ರೋಗ ತರುವ ಮೋರಿಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿಸಿ ಮೇಲೆ ಅಗಲವಾದ ರಸ್ತೆ ಮಾಡಿದರು. ಅದೇ ಇಂದಿನ ಸಯ್ಯಾಜಿರಾವ್ ರಸ್ತೆ. ದಸರಾ ದಿನ ಜಂಬೂಸವಾರಿ ಸಾಗುವುದು ಆ ಹಳೆಯ ನಾಲೆಯ ಮೇಲೆ ಎಂಬುದನ್ನು ಮುಂದಿನ ಸಲ ನೋಡುವಾಗ ನೆನಪಿಸಿಕೊಳ್ಳಿ.

ಇಲಿ, ಚಿಗಟ ಮತ್ತು ಇಂಜಿನಿಯರು

ಎರಡನೆಯ ಬದಲಾವಣೆಗೆ ಕಾರಣವಾದದ್ದು ಅಂಗೈಯಗಲದ ಪ್ರಾಣಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು 1898ರ ಹೊತ್ತಿಗೆ ಮೈಸೂರು ಸಂಸ್ಥಾನದೊಳಕ್ಕೆ ಬಂತು. ಬೆಂಗಳೂರು, ಮೈಸೂರು ಎರಡೂ ತತ್ತರಿಸಿದವು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ನಮ್ಮ ಕಡೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ. ಪ್ಲೇಗಿನ ಹೆಸರಿನಲ್ಲಿ ಮಾರಮ್ಮನ ಗುಡಿಗಳೂ ಎದ್ದವು.

ರೋಗ ಹೇಗೆ ಹರಡುತ್ತದೆಂದು ಆಗಿನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಎಂದು ಕೆಲವರು, ಮಣ್ಣಿನಿಂದ ಎಂದು ಕೆಲವರು ಹೇಳುತ್ತಿದ್ದರು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದ. ಅದು ಇಲಿಯಿಂದ ಮನುಷ್ಯನಿಗೆ ಬರುವುದು ಚಿಗಟದ ಕಡಿತದಿಂದ ಎಂದು ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷಗಳೇ ಹಿಡಿದವು.

ಈ ತಿಳಿವಳಿಕೆಯನ್ನು ಪಟ್ಟಣಕ್ಕೆ ಅನ್ವಯಿಸಿ ನೋಡಿ. ಇಲಿ ಎಲ್ಲಿರುತ್ತದೆ? ಕಾಳು ಇರುವಲ್ಲಿ, ಕಸ ಇರುವಲ್ಲಿ, ಮಣ್ಣುಗೋಡೆಯ ಬಿಲದಲ್ಲಿ. ಮನೆಗೆ ಮನೆ ಅಂಟಿಕೊಂಡಿದ್ದರೆ ಇಲಿಗೆ ಒಂದು ಬೀದಿಯ ತುದಿಯಿಂದ ಇನ್ನೊಂದು ತುದಿಗೆ ನೆಲ ಮುಟ್ಟದೆ ಹೋಗುವ ರಾಜಮಾರ್ಗ. ಆದ್ದರಿಂದ ಮನೆಗಳ ನಡುವೆ ಅಂತರ, ಬಿಸಿಲು-ಗಾಳಿಗೆ ದಾರಿ, ಕಸ ಹೊರಡಲು ಬೇರೆ ಓಣಿ ಇವೆಲ್ಲ ಅಲಂಕಾರಕ್ಕಲ್ಲ, ಪ್ರಾಣ ಉಳಿಸಿಕೊಳ್ಳಲು ಬೇಕಾದವು.

1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಕಿಕ್ಕಿರಿದಿದ್ದ ಕೋಟೆಯೊಳಗಿನ ಮನೆಗಳು ತೆರವಾದವು. ಅಲ್ಲಿದ್ದವರಿಗೂ ಹೊಸದಾಗಿ ಬಂದವರಿಗೂ ಲಕ್ಷ್ಮೀಪುರಂ, ಚಾಮರಾಜಪುರಂ ಮೊದಲಾದ ಬಡಾವಣೆಗಳಾದವು. ನಡುಭಾಗದಲ್ಲಿ ರಸ್ತೆಗಳು ಅಗಲವಾದವು, ವೃತ್ತಗಳು ಬಂದವು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಇರುವ ಕಿರಿದಾದ ಓಣಿಯನ್ನು ಇಂದಿಗೂ "ಕನ್ಸರ್ವೆನ್ಸಿ" ಎನ್ನುತ್ತಾರೆ. ಮುಂಬಾಗಿಲು ಊರಿಗೆ, ಹಿಂಬಾಗಿಲು ಶುಚಿತ್ವಕ್ಕೆ ಎಂಬುದು ಅದರ ಲೆಕ್ಕ.

ಆ ಹಿಂದಿನ ಓಣಿಯಲ್ಲಿ ಮಲದ ಬಕೆಟ್ಟು ಹೊತ್ತು ನಡೆದವರೂ ಮನುಷ್ಯರೇ ಎಂಬುದನ್ನು ಮಾತ್ರ ಮರೆಯಬಾರದು. ಊರು ಹಸನಾಗಿದ್ದರ ಭಾರ ಅವರ ತಲೆಯ ಮೇಲಿತ್ತು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಒಂದು ನಗರ ಯೋಜನೆ ಚೆನ್ನಾಗಿದೆಯೇ ಎಂದು ಕೇಳುವಾಗ "ಯಾರಿಗೆ ಚೆನ್ನಾಗಿದೆ?" ಎಂದೂ ಕೇಳಬೇಕು.

ಇನ್ನೊಂದು ವಿಚಾರ ನಮ್ಮ ಸೀಮೆಗೇ ಸಂಬಂಧಿಸಿದ್ದು. ಮೈಸೂರಿನ ನೆಲ ಹೆಂಚಿನ ಮನೆಯ ಮಾಡಿನ ಹಾಗಿದೆ. ಒಂದು ಇಳಿಜಾರಿನ ನೀರು ಉತ್ತರಕ್ಕೆ ಕಾವೇರಿಯ ಕಡೆ, ಇನ್ನೊಂದರದು ದಕ್ಷಿಣಕ್ಕೆ ಕಬಿನಿಯ ಕಡೆ. ಇಳಿಜಾರು ಇದ್ದರೆ ಚರಂಡಿ ತಾನೇ ಹರಿಯುತ್ತದೆ. ಕೊಳಚೆ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗದಲ್ಲಿ ಓಡಿದರೆ ಒಳಗಿನ ಕೆಸರನ್ನೂ ತಳ್ಳಿಕೊಂಡು ಹೋಗುತ್ತದೆ, ನಿಧಾನವಾದರೆ ಕೆಸರು ಕೆಳಗೆ ಕೂತು ಕೊಳವೆ ಕಟ್ಟುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಇಷ್ಟಾದರೂ ಹರಿದ ನೀರು ಮಾಯವಾಗುವುದಿಲ್ಲವಲ್ಲ. ಮೈಸೂರಿನ ತೆಂಕಣ ಭಾಗ ಶುದ್ಧ ಮಾಡದೆ ಬಿಟ್ಟದ್ದು ಇಳಿದು ಬರುವುದು ನಂಜನಗೂಡು, ತಿರುಮಕೂಡಲು ನರಸೀಪುರದ ಜನರ ಹೊಳೆಗೇ. ಪಟ್ಟಣದ ನವೀಕರಣ ಪಟ್ಟಣದವರ ವ್ಯವಹಾರ ಮಾತ್ರ ಎಂದು ಹಳ್ಳಿಯವರು ಸುಮ್ಮನಿರುವಂತಿಲ್ಲ.

ಕಡಲಾಚೆಯ ಮೂರು ಊರು

ಎರಡನೆಯ ಮಹಾಯುದ್ಧ ಮುಗಿದಾಗ ಪ್ರಪಂಚದ ಎಷ್ಟೋ ನಗರಗಳ ನಡುಭಾಗ ಬೂದಿಯಾಗಿತ್ತು. ಅವುಗಳನ್ನು ಮತ್ತೆ ಕಟ್ಟಿದ ಬಗೆ ಒಂದೊಂದು ಕಡೆ ಒಂದೊಂದು.

ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಹೃದಯಭಾಗ 1940ರ ಮೇ 14ರಂದು ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕಿ ಸುಟ್ಟುಹೋಯಿತು. ಅಲ್ಲಿಯವರು ಹಳೆಯದನ್ನು ಮರುಸೃಷ್ಟಿಸದೆ ಹೊಸ ನಕ್ಷೆ ಹಾಕಿದರು. 1953ರಲ್ಲಿ ಲೈನ್‌ಬಾನ್ ಎಂಬ ಅಂಗಡಿ ಬೀದಿ ತೆರೆಯಿತು. ವಾಹನವಿಲ್ಲದೆ ಜನ ನಡೆದೇ ಓಡಾಡುವ ಬೀದಿಯೆಂದು ಅದು ಪ್ರಸಿದ್ಧವಾಯಿತು.

ಪೋಲೆಂಡಿನ ವಾರ್ಸಾ ನಗರದವರು ಇದಕ್ಕೆ ತದ್ವಿರುದ್ಧ. 1944ರಲ್ಲಿ ನೆಲಸಮವಾದ ತಮ್ಮ ಹಳೇಪೇಟೆಯನ್ನು ಹಳೆಯ ವರ್ಣಚಿತ್ರಗಳನ್ನೂ ನಕ್ಷೆಗಳನ್ನೂ ನೋಡಿಕೊಂಡು ಇದ್ದ ಹಾಗೇ ಕಟ್ಟಿದರು. 1980ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯದು ಅಮೆರಿಕದ ಬಾಸ್ಟನ್. ಅಲ್ಲಿ ಬಾಂಬು ಬಿದ್ದಿರಲಿಲ್ಲ. ಆದರೂ 1949ರ ವಸತಿ ಕಾಯಿದೆಯ ಬಲದಿಂದ "ಕೊಳೆಗೇರಿ ತೆರವು" ಎಂಬ ಹೆಸರಿನಲ್ಲಿ, ವೆಸ್ಟ್ ಎಂಡ್ ಎಂಬ ಹಳೆಯ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ನೆಲಸಮ ಮಾಡಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಕುಟುಂಬಗಳು ಚದುರಿಹೋದವು. ಎದ್ದ ಎತ್ತರದ ಕಟ್ಟಡಗಳಲ್ಲಿ ಬಾಡಿಗೆ ಕೊಟ್ಟು ಇರುವ ಶಕ್ತಿ ಅವರಲ್ಲಿ ಬಹುಪಾಲು ಮಂದಿಗೆ ಇರಲಿಲ್ಲ. ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಮಾತಾಡಿಸಿ 1963ರಲ್ಲಿ ಒಂದು ಲೇಖನ ಬರೆದ. ಮನೆ-ಬೀದಿ ಕಳೆದುಕೊಂಡವರ ಸಂಕಟ ಮನೆಯಲ್ಲಿ ಸಾವಾದಾಗಿನ ದುಃಖವನ್ನೇ ಹೋಲುತ್ತದೆ ಎಂಬುದು ಅವನು ಕಂಡುಕೊಂಡ ಸಂಗತಿ.

ರಾಟರ್‌ಡ್ಯಾಮಿನವರು ಹೊಸತನ್ನು ಕಟ್ಟಿದರು, ವಾರ್ಸಾದವರು ಹಳೆಯದನ್ನು ಕಟ್ಟಿದರು, ಎರಡೂ ನಡೆದವು. ಬಾಸ್ಟನ್ನಿನಲ್ಲಿ ಕಟ್ಟಡದ ಜೊತೆಗೆ ಜನರನ್ನೂ ಗುಡಿಸಿ ಹಾಕಿದರು. ಆ ಗಾಯ ಮಾಯಲಿಲ್ಲ.

ಬಿದ್ದ ಗೋಡೆಗಳು

ಈಗ ಮತ್ತೆ ಕೆ.ಆರ್. ವೃತ್ತಕ್ಕೆ ಬರೋಣ. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡ ನಮ್ಮ ತಲೆಮಾರಿನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಹೊಸ ಪುಸ್ತಕಕ್ಕೆ ಕಾಸಿಲ್ಲದವರು ಅರ್ಧ ಬೆಲೆಗೆ ಹಳೆಯ ಪುಸ್ತಕ ಹುಡುಕುತ್ತಿದ್ದದ್ದು ಅಲ್ಲಿನ ಅಂಗಡಿಗಳಲ್ಲಿ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ದುರಸ್ತಿ ಕೆಲಸ ನಡೆದಿದ್ದಾಗಲೇ, ಎದುರಿನ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು.

ಅಲ್ಲಿಂದ ಶುರುವಾಯಿತು ವಾದ. ಎರಡನ್ನೂ ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ. ಇರುವುದನ್ನೇ ಬಲಪಡಿಸಿ ಉಳಿಸಬಹುದೆಂದು ಇನ್ನೊಂದು ಪಕ್ಷ. ತಜ್ಞರ ಸಮಿತಿಗಳಲ್ಲೂ ಒಮ್ಮತವಾಗದೆ ವಿಷಯ ಹೈಕೋರ್ಟಿನವರೆಗೆ ಹೋಯಿತು. ಎರಡೂ ತಿಂಗಳು ಆಗಸ್ಟ್ ಎಂಬುದನ್ನು ಮಕ್ಕಳು ಗಮನಿಸಿರಬಹುದು. ಎರಡೇ ಉದಾಹರಣೆಯಿಂದ ನಿಯಮ ಮಾಡಬಾರದು. ಆದರೆ ಮಳೆಗಾಲದಲ್ಲಿ ಹಳೆಯ ಗೋಡೆ ಬೀಳುವುದು ನಮ್ಮ ಊರುಗಳಲ್ಲೂ ಪ್ರತಿವರ್ಷ ಕಾಣುವ ಸಂಗತಿ. ಅದಕ್ಕೆ ಕಾರಣವೇನೆಂದು ತಿಳಿಯಲು ಆ ಗೋಡೆ ಯಾವುದರಿಂದ ಮಾಡಿದ್ದೆಂದು ತಿಳಿಯಬೇಕು.

ಸುಣ್ಣದ ಗಾರೆಯ ಗುಟ್ಟು

ಆ ಕಾಲದ ಕಟ್ಟಡಗಳಲ್ಲಿ ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನೂ ಇಟ್ಟಿಗೆ ಪುಡಿಯಾದ ಸುರ್ಕಿಯನ್ನೂ ಸೇರಿಸಿ, ಎತ್ತು ತಿರುಗಿಸುವ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗೋಡೆಯಲ್ಲಿ ಕೂತ ಮೇಲೆ ಅದು ನಿಧಾನವಾಗಿ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಕೂತು ಮರಳಿ ಪಡೆಯುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಈ ಗಾರೆಗೆ ಸಿಮೆಂಟಿನಷ್ಟು ಬಿರುಸಿಲ್ಲ. ಅದೇ ಅದರ ಗುಣ. ಗೋಡೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದಾಗ ಅದು ಸ್ವಲ್ಪ ಬಗ್ಗಿಕೊಡುತ್ತದೆ. ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಒಳಗೆ ಸೇರಿದ ತೇವ ಆವಿಯಾಗಿ ಹೊರಬರುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಳೆಯ ಗಾರೆ ಕೆಲಸದವರು ಹೇಳುವುದು ಇದನ್ನೇ.

ಇಂಥ ಗೋಡೆಗೆ ಶತ್ರುಗಳು ನಾಲ್ಕು. ಮೊದಲನೆಯದು ನಿಂತ ನೀರು. ತಾರಸಿಯ ಮೇಲೆ ನೀರು ಹೋಗುವ ದಾರಿಗೆ ಎಲೆ, ಪ್ಲಾಸ್ಟಿಕ್ಕು ಕಟ್ಟಿಕೊಂಡಿತೆನ್ನಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ ಎಷ್ಟು ತೂಕ? ಐದು ಘನ ಮೀಟರ್ ನೀರು, ಅಂದರೆ 5,000 ಕಿಲೋ. ನೂರು ಮೂಟೆ ಅಕ್ಕಿಯನ್ನು, ಮೂಟೆಗೆ 50 ಕಿಲೋದಂತೆ, ಯಾರೂ ಕೇಳದೆ ತಲೆಯ ಮೇಲೆ ಇಟ್ಟಂತಾಯಿತು. ಜೊತೆಗೆ ಆ ನೀರು ಇಂಗಿ ಮರದ ತೊಲೆಯ ತುದಿಯನ್ನು ಕೊಳೆಸುತ್ತದೆ.

ಎರಡನೆಯದು ಅರಳಿ, ಆಲದ ಸಸಿ. ಹಕ್ಕಿ ಉದುರಿಸಿದ ಒಂದು ಬೀಜ ಸಾಕು. ಬೇರು ಗಾರೆಯ ಸಂದಿಯಲ್ಲಿ ಹೊಕ್ಕು ದಪ್ಪವಾಗುತ್ತ ಇಟ್ಟಿಗೆಗಳನ್ನು ಬೇರ್ಪಡಿಸುತ್ತದೆ. ಮೂರನೆಯದು ಮೂಲದಲ್ಲಿ ಇಲ್ಲದ ಭಾರ: ಮೇಲೊಂದು ಅಟ್ಟ, ನೀರಿನ ತೊಟ್ಟಿ, ದೊಡ್ಡ ಫಲಕ, ಒಳಗೆ ಅಂಗಡಿ ಅಗಲ ಮಾಡಲು ಒಡೆದ ಗೋಡೆ. ನಾಲ್ಕನೆಯದು ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ಚಿಕಿತ್ಸೆ. ಹಳೆಯ ಗೋಡೆಯ ಮೇಲೆ ಸಿಮೆಂಟು ಬಳಿದರೆ ಹೊರಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ನೀರಿನಲ್ಲಿ ಕರಗಿದ ಲವಣ ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಜ್ವರ ಬಂದವನಿಗೆ ಬೆವರದಂತೆ ಕಂಬಳಿ ಸುತ್ತಿದ ಹಾಗೆ.

ಈ ನಾಲ್ಕರಲ್ಲಿ ಮೈಸೂರಿನ ಆ ಎರಡು ಕಟ್ಟಡಗಳನ್ನು ಯಾವುದು ಎಷ್ಟು ಕಾಡಿತು ಎಂಬುದನ್ನು ನಿರ್ಧರಿಸಬೇಕಾದವರು ಗೋಡೆ ಕೊರೆದು ಪರೀಕ್ಷಿಸಿದ ಇಂಜಿನಿಯರುಗಳು, ಪತ್ರಿಕೆಯಲ್ಲಿ ಬರೆಯುವ ಮೇಷ್ಟರಲ್ಲ. ಆದರೆ ಈ ನಾಲ್ಕೂ ಒಂದೇ ರಾತ್ರಿಯಲ್ಲಿ ಆಗುವಂಥವಲ್ಲ. ವರ್ಷಗಟ್ಟಲೆ ಯಾರೂ ಮೇಲೆ ಹತ್ತಿ ನೋಡದಿದ್ದರೆ ಮಾತ್ರ ಆಗುವಂಥವು.

ಎರಡೂ ಕಡೆಯ ಮಾತು

ಕೆಡವಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಜನರ ಪ್ರಾಣ ಹೋಗಿದೆ. ದಿನವೂ ಸಾವಿರಾರು ಮಂದಿ ಓಡಾಡುವ ಜಾಗದಲ್ಲಿ ಹಳೆಯದೆಂಬ ಒಂದೇ ಕಾರಣಕ್ಕೆ ಗೋಡೆಯನ್ನು ನಂಬಿ ನಿಲ್ಲಲಾಗದು. ಉಳಿಸಬೇಕೆನ್ನುವವರ ಮಾತೂ ತೂಕದ್ದೇ. ಕೆಡವಿ ಅದೇ ರೂಪದಲ್ಲಿ ಕಟ್ಟಿದರೆ ಹೊರಗಿನ ಕಮಾನು ಮರಳಬಹುದು. ಆದರೆ ಕಟ್ಟುವಷ್ಟು ವರ್ಷ ಆ ನೂರಾರು ಮಳಿಗೆಯವರು ಎಲ್ಲಿ ಕೂರಬೇಕು? ಮರಳಿ ಬಂದಾಗ ಬಾಡಿಗೆ ಎಷ್ಟಿರುತ್ತದೆ? ಬಾಸ್ಟನ್ನಿನ ಕಥೆ ನೆನಪಾಗುವುದು ಇಲ್ಲಿ.

ಇದರಲ್ಲಿ ನಮ್ಮ ಪಾಲೂ ಇದೆ. ದೇವರಾಜ ಮಾರುಕಟ್ಟೆ ಎಂದರೆ ಬರಿಯ ಇಟ್ಟಿಗೆ-ಗಾರೆ ಅಲ್ಲ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೊರಗು ರೋಗಕ್ಕೆ ಸಿಕ್ಕಿ ರಸಬಾಳೆ ಅಪರೂಪವಾಗಿರುವ ಈ ಕಾಲದಲ್ಲಿ ಅದನ್ನು ಬೆಳೆದವನಿಗೆ ಗೊನೆಯ ಬೆಲೆ ಗೊತ್ತಿರುವ ವ್ಯಾಪಾರಿ ಬೇಕು. ದೊಡ್ಡ ಸಗಟು ವ್ಯವಹಾರಕ್ಕೆ ನಂಜನಗೂಡು ರಸ್ತೆಯ ಬಂಡಿಪಾಳ್ಯದಲ್ಲಿ ಕೃಷಿ ಮಾರುಕಟ್ಟೆ ಇದೆ, ಸರಿ. ಆದರೆ ಒಂದು ಬುಟ್ಟಿ ಹೂವು, ಎರಡು ಕಟ್ಟು ಎಲೆ ತರುವ ಹೆಂಗಸಿಗೆ ಊರ ನಡುವಿನ ಸಂತೆಯೇ ಆಧಾರ. ಅವಳು ಯಾವ ಸಮಿತಿಯಲ್ಲೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ನಮ್ಮ ವಿಜ್ಞಾನದವನೇ ಒಬ್ಬ ದಾರಿ ತೋರಿಸಿದ್ದಾನೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಸಸ್ಯಶಾಸ್ತ್ರದ ಪ್ರಾಧ್ಯಾಪಕ. 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದ. ಹಳೆಯ ಪೇಟೆಗಳ ಎದೆ ಸೀಳಿ ನೇರ ರಸ್ತೆ ಹಾಕುವುದನ್ನು ಅವನು ವಿರೋಧಿಸಿದ. ಕೊಳೆತ ಒಂದೆರಡು ಮನೆ ಮಾತ್ರ ತೆಗೆಯಿರಿ, ಆ ಜಾಗದಲ್ಲಿ ಬಾವಿಕಟ್ಟೆ, ಮರದ ನೆರಳು ಮಾಡಿ, ಉಳಿದದ್ದನ್ನು ಗುಣಪಡಿಸಿ ಎಂದ. ಉಳಿಸುವ ಶಸ್ತ್ರಚಿಕಿತ್ಸೆ ಎಂಬುದು ಅವನ ಮಾತಿನ ಸಾರ. ಇಂದೋರಿನಲ್ಲಿ ಪ್ಲೇಗಿನ ಕಾಟವಿದ್ದಾಗ ಅವನು ಮಾಡಿದ್ದು ಇನ್ನೂ ಸ್ವಾರಸ್ಯ. ದೀಪಾವಳಿಗೆ ದೊಡ್ಡ ಮೆರವಣಿಗೆ ಏರ್ಪಡಿಸಿ, ಯಾವ ಬೀದಿಗಳವರು ಚೆನ್ನಾಗಿ ಶುಚಿ ಮಾಡಿಕೊಳ್ಳುತ್ತಾರೋ ಆ ದಾರಿಯಲ್ಲೇ ಮೆರವಣಿಗೆ ಬರುತ್ತದೆಂದು ಸಾರಿಸಿದ. ಊರೆಲ್ಲ ಗುಡಿಸಿ, ಸಾರಿಸಿ, ಸುಣ್ಣ ಬಳಿಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆಯೂ ಇತ್ತಂತೆ. ಸರ್ಕಾರದ ಆಜ್ಞೆಯಿಂದ ಆಗದ್ದು ಹಬ್ಬದಿಂದ ಆಯಿತು.

ನನ್ನ ಅಭಿಪ್ರಾಯ ಇಷ್ಟು. ನಮ್ಮ ನಡುವಿನ ಯಾವುದೇ ಹಳೆಯ ಕಟ್ಟಡವನ್ನು ಮುಟ್ಟುವ ಮೊದಲು ಮೂರು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಇರಬೇಕು. ಕಾಯಿಲೆ ಏನು? ಅದರ ಮೂಲ ಎಲ್ಲಿದೆ? ಚಿಕಿತ್ಸೆಯ ಕಾಲದಲ್ಲಿ ಅಲ್ಲಿ ಬದುಕು ಕಟ್ಟಿಕೊಂಡವರ ಪಾಡೇನು? ಗುಣವಾಗುವ ಭಾಗವನ್ನು ಅದೇ ಸುಣ್ಣದ ಗಾರೆಯಿಂದ, ಅದನ್ನು ಬಲ್ಲ ಕೈಗಳಿಂದ ಗುಣಪಡಿಸಲಿ. ಗುಣವಾಗದ ಭಾಗವನ್ನು ಒಂದೊಂದಾಗಿ ತೆಗೆದು ಕಟ್ಟಲಿ, ಒಂದು ಪಕ್ಕ ಕೆಲಸ ನಡೆಯುವಾಗ ಇನ್ನೊಂದು ಪಕ್ಕ ವ್ಯಾಪಾರ ನಡೆಯಲಿ. ಮೂಲ ಹುಡುಕದೆ ಕೆಡವಿದರೆ ಹೊಸ ಕಟ್ಟಡದ ಮೇಲೂ ಅದೇ ಎಲೆ ಬೀಳುತ್ತದೆ, ಅದೇ ತೂತು ಕಟ್ಟುತ್ತದೆ. ಸಿಮೆಂಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೂರು ವರ್ಷ ಬೇಕಿಲ್ಲ.

1903ರವರು ಮಾಡಿದ ಒಳ್ಳೆಯ ಕೆಲಸವೂ ಇದೇ. ಇಲಿ, ಕಸ, ಕತ್ತಲೆ ಎಂಬ ಮೂಲಕ್ಕೆ ಕೈ ಹಾಕಿದ್ದರಿಂದ ಅವರ ರಸ್ತೆ-ಓಣಿಗಳು ನೂರಿಪ್ಪತ್ತು ವರ್ಷದ ಮೇಲೂ ನಮ್ಮ ಉಪಯೋಗಕ್ಕೆ ಬರುತ್ತಿವೆ. ಮಲ ಹೊತ್ತವರನ್ನು ಮರೆತದ್ದರಿಂದ ಆ ತಪ್ಪನ್ನು ತಿದ್ದಲು ಮುಂದಿನ ತಲೆಮಾರುಗಳು ಕಷ್ಟಪಡಬೇಕಾಯಿತು.

ನೀವೇ ಮಾಡಿ ನೋಡಿ

ಮಕ್ಕಳೇ, ಓದಿದ್ದು ಸಾಕು. ಈ ವಾರ ಮೂರು ಕೆಲಸ ಮಾಡಿ.

ಒಂದು: ಎಲೆ ಅಡಿಕೆಗೆ ಹಚ್ಚುವ ಸುಣ್ಣ ಒಂದು ಚಿಟಿಕೆಯನ್ನು ಒಂದು ಲೋಟ ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಸಿದುಕೊಳ್ಳಿ. ಎಳನೀರಿನ ಸ್ಟ್ರಾ ಹಿಡಿದು ಮೆಲ್ಲಗೆ ಊದಿ. ಹೀರಬೇಡಿ, ಸುಣ್ಣ ಬಾಯಿ ಸುಡುತ್ತದೆ, ಕಣ್ಣಿಗೂ ಸಿಡಿಯಬಾರದು. ತಿಳಿ ಹಾಲಿನಂತಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಮತ್ತೆ ಕಲ್ಲು ಮಾಡಿತು. ಹಳೆಯ ಗೋಡೆಯೊಳಗೆ ವರ್ಷಗಟ್ಟಲೆ ನಡೆದದ್ದನ್ನು ನೀವು ಒಂದು ನಿಮಿಷದಲ್ಲಿ ನೋಡಿದಿರಿ.

ಎರಡು: ಒಣಗಿದ ಎರಡು ಇಟ್ಟಿಗೆಗಳನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಮತ್ತೆ ತೂಗಿ. ಎಷ್ಟು ಹೆಚ್ಚಿತು? ಮೂರು ಕಿಲೋ ಇಟ್ಟಿಗೆ ಅರ್ಧ ಕಿಲೋವರೆಗೂ ನೀರು ಕುಡಿಯಬಲ್ಲದು. ಈಗ ಒಂದನ್ನು ಹಾಗೇ ನೆರಳಿನಲ್ಲಿಡಿ, ಇನ್ನೊಂದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ನಾಲ್ಕು ದಿನದ ಮೇಲೆ ತೂಗಿದರೆ ಉಸಿರಾಡುವ ಗೋಡೆಗೂ ಉಸಿರುಗಟ್ಟಿದ ಗೋಡೆಗೂ ಇರುವ ವ್ಯತ್ಯಾಸ ತಕ್ಕಡಿಯೇ ಹೇಳುತ್ತದೆ.

ಮೂರು: ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿಕೊಳ್ಳಿ. ಹೆಡತಲೆಯ ಮಕ್ಕಳಿಗೆ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ ಕೈಗೆಟಕುವಷ್ಟು ಹತ್ತಿರ. ಬೇರೆ ಊರಿನವರಿಗೆ ಚಾವಡಿ, ಮಠ, ಶಾಲೆ, ಅಜ್ಜನ ಮನೆ ಯಾವುದಾದರೂ ಆದೀತು. ದೂರ ನಿಂತೇ ನೋಡಿ. ತೇವದ ಕಲೆ ನೆಲದಿಂದ ಮೇಲೇರಿದೆಯೋ, ಮೇಲಿನಿಂದ ಕೆಳಗಿಳಿದಿದೆಯೋ? ಬಿಳಿಯ ಉಪ್ಪು ಎದ್ದಿದೆಯೇ? ಸಂದಿಯಲ್ಲಿ ಅರಳಿ ಸಸಿ ಇದೆಯೇ? ಒಂದು ಚಿತ್ರ ಬರೆದು ಗುರುತು ಹಾಕಿ, ನಿಮ್ಮ ಮೇಷ್ಟರಿಗೋ ಪಂಚಾಯ್ತಿಯವರಿಗೋ ತೋರಿಸಿ.

ಪೋಷಕರಿಗೂ ಒಂದು ಮಾತು. ಈ ಮೂರನೆಯ ಕೆಲಸಕ್ಕೆ ಅಂಕ ಸಿಗುವುದಿಲ್ಲ, ಸಮಯ ಹಾಳು ಎನ್ನಬೇಡಿ. ಇಂದು ಗೋಡೆಯ ಕಲೆ ನೋಡಿ ಕಾರಣ ಕೇಳುವ ಮಗುವೇ ನಾಳೆ ಇಂಜಿನಿಯರೋ, ಪುರಸಭೆಯ ಸದಸ್ಯೆಯೋ ಆಗಿ "ಕೆಡವಿ" ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಗಳಿಗೆ ತಡೆದು ಯೋಚಿಸುತ್ತದೆ. ಹಾಗೆಯೇ, ಮಳೆಗಾಲ ಶುರುವಾಗುವ ಮೊದಲು ನಿಮ್ಮ ಮನೆಯ ತಾರಸಿಯ ಮೇಲೆ ನೀವೇ ಹತ್ತಿ, ನೀರಿಳಿಯುವ ತೂತಿಗೆ ಅಡ್ಡಲಾಗಿ ಬಿದ್ದಿರುವ ಎಲೆಗಳನ್ನು ಒಮ್ಮೆ ತೆಗೆದುಬಿಡಿ.